ಕಾರ್ಬನ್ ಹಾಕಿ, ಆದರೆ ಕೈ ಬಿಗಿ ಇರಲಿ

ಉಪ್ಪುನೀರಿನ ಟ್ಯಾಂಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್‌ಗೆ ಹಾಕುವ ಆಕ್ಟಿವೇಟೆಡ್ ಕಾರ್ಬನ್, ಅಂದರೆ ನೀರಿನ ಕೊಳೆ ಹಿಡಿಯುವ ವಿಶೇಷ ಇದ್ದಿಲಿನ ಬಗ್ಗೆ ಹೋದ ಸಂಚಿಕೆಯಲ್ಲಿ ಎರಡೇ ಎರಡು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬಂದಿವೆ. ಬೇರೆಯವರ ಟ್ಯಾಂಕ್ ತೊಳೆದು ಹೊಟ್ಟೆ ಹೊರೆಯುವವನು ನಾನು. ಬೆಂಗಳೂರಿನ ಮನೆ, ಕ್ಲಿನಿಕ್, ಹೋಟೆಲ್ ಲಾಬಿಗಳಲ್ಲಿ ಕೈ ಒದ್ದೆ ಮಾಡಿಕೊಂಡು ಕಲಿತದ್ದನ್ನೇ ಹೇಳುತ್ತೇನೆ. ಕಾರ್ಬನ್ ವಿಷಯದಲ್ಲಿ ನಮ್ಮವರು ಎರಡೇ ಪಕ್ಷ. ಒಬ್ಬರಿಗೆ ಅದು ಸರ್ವರೋಗಕ್ಕೂ ಮದ್ದು, ಇನ್ನೊಬ್ಬರಿಗೆ ಶುದ್ಧ ವಿಷ. ನಾನು ಎರಡೂ ಕಡೆ ಇಲ್ಲ.

ಪ್ರಶ್ನೆ: ನನ್ನದು 200 ಲೀಟರ್ ಟ್ಯಾಂಕ್, ಎರಡು ವರ್ಷ ಹಳೆಯದು. ಒಂದು ದೊಡ್ಡ ಲೆದರ್ ಕೋರಲ್ (ತೊಗಲಿನಂಥ ಮೃದು ಹವಳ) ಇದೆ. ಜೊತೆಗೆ ಝೋವಾ, ಮಶ್ರೂಮ್ ಎಂಬ ಸಣ್ಣ ಹವಳಗಳು. ಈಗ ಕೆಲವು ದಿನದಿಂದ ಲೆದರ್ ಮುಚ್ಚಿಕೊಂಡಿದೆ, ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತದೆ. ಪಕ್ಕದ ಝೋವಾಗಳೂ ಅರ್ಧ ಮುಚ್ಚಿವೆ. ಟೆಸ್ಟ್ ಎಲ್ಲಾ ಸರಿ ಇದೆ, ನೈಟ್ರೇಟ್ 10. ಅಂಗಡಿಯವರು ಕಾರ್ಬನ್ ಹಾಕಿ ಅಂತಾರೆ. ಕಾರ್ಬನ್ ಹಾಕಿದರೆ ಟ್ರೇಸ್ ಎಲಿಮೆಂಟ್ (ನೀರಿನಲ್ಲಿ ಚೂರೇ ಚೂರು ಇರುವ ಖನಿಜ) ಎಲ್ಲಾ ಹೀರಿಬಿಡುತ್ತದೆ ಅಂತ ಗೆಳೆಯ ಹೆದರಿಸುತ್ತಾನೆ. ಯಾರನ್ನು ನಂಬಲಿ?
(ವಿಜಯನಗರ, ಬೆಂಗಳೂರು)

ಉತ್ತರ: ಈ ಸಲಕ್ಕೆ ಅಂಗಡಿಯವರನ್ನು ನಂಬಿ.

ಮೊದಲು ಲೆದರ್ ವಿಷಯ. ಅದು ಸಾಯುತ್ತಿಲ್ಲ, ಪೊರೆ ಬಿಡುತ್ತಿದೆ. ಆಗಾಗ ಹೀಗೆ ಮಾಡುತ್ತದೆ. ಮೊದಲು ಹೂವಿನಂತೆ ಚಾಚಿಕೊಳ್ಳುವ ಪಾಲಿಪ್‌ಗಳೆಲ್ಲ ಒಳಗೆ ಹೋಗುತ್ತವೆ. ಮೈ ಮೇಣ ಸವರಿದಂತೆ ಹೊಳೆಯುತ್ತದೆ. ಅದರ ಮೇಲೆ ಕಸ, ಕಂದು ಪಾಚಿ ಕೂರುತ್ತದೆ, ನೋಡೋಕೆ ಅಸಹ್ಯ ಆಗುತ್ತದೆ. ಒಂದು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಾಗೇ ಇರುತ್ತದೆ. ಆಮೇಲೊಂದು ದಿನ ಅಂಚಿನಲ್ಲಿ ಆ ತೆಳು ಪದರ ಏಳುತ್ತದೆ. ಪವರ್‌ಹೆಡ್ (ಟ್ಯಾಂಕ್‌ನೊಳಗೆ ನೀರು ತಳ್ಳುವ ಪಂಪ್) ನೀರಿಗೆ ಪಟಪಟ ಆಡುತ್ತದೆ, ಚೂರು ಚೂರಾಗಿ ಕಿತ್ತು ಹೋಗುತ್ತದೆ. ಕೆಳಗಿನ ಮೈ ಎಳೆಯದಾಗಿ, ಸ್ವಲ್ಪ ತಿಳಿ ಬಣ್ಣದಲ್ಲಿ ಇರುತ್ತದೆ. ನೀವು ಉಗುರು ಹಾಕಿ ಕೀಳೋಕೆ ಹೋಗಬೇಡಿ. ಪವರ್‌ಹೆಡ್ ಅದರ ಕಡೆಗೆ ಸ್ವಲ್ಪ ತಿರುಗಿಸಿ, ಸಾಕು.

ಝೋವಾ ಯಾಕೆ ಮುಚ್ಚಿದವು? ಲೆದರ್ ಕೋರಲ್‌ಗೆ ಕಲ್ಲಿನ ಗೂಡಿಲ್ಲ, ಕುಟುಕುವ ಶಕ್ತಿಯೂ ಕಡಿಮೆ. ಅದರ ಆಯುಧವೇ ರಾಸಾಯನಿಕ. ಟರ್ಪೀನ್ ಜಾತಿಯ ವಸ್ತುಗಳನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ, ನೀರಿಗೂ ಬಿಡುತ್ತದೆ. ನಿಮ್ಮದು ಸಾರ್ಕೋಫೈಟಾನ್ ಇರಬೇಕು. ಆ ಜಾತಿಯಿಂದಲೇ ಸಾರ್ಕೋಫೈನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದಾರೆ, ಅದು ಮೀನಿಗೂ ವಿಷ. ಸಮುದ್ರದಲ್ಲಾದರೆ ಅದು ಬಿಟ್ಟದ್ದೆಲ್ಲ ಅಲೆಯಲ್ಲಿ ತೇಲಿ ಹೋಗುತ್ತದೆ. ನಿಮ್ಮ 200 ಲೀಟರ್‌ನಲ್ಲಿ ಎಲ್ಲಿಗೆ ಹೋಗಬೇಕು? ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ನಿಮ್ಮ ಟೆಸ್ಟ್ ಕಿಟ್‌ಗಳಲ್ಲಿ ಒಂದಕ್ಕೂ ಅದು ಕಾಣುವುದಿಲ್ಲ. ಅದಕ್ಕೇ ಎಲ್ಲಾ ಸರಿ ಇದೆ ಅಂತ ಬರುತ್ತಿದೆ.

ಇಂಥ ಕರಗಿದ ಸಾವಯವ ವಸ್ತುಗಳನ್ನು ಹಿಡಿಯುವುದೇ ಕಾರ್ಬನ್ ಕೆಲಸ. ಅದು ಜರಡಿ ಹಿಡಿಯುವುದಿಲ್ಲ, ಮೈಗೆ ಅಂಟಿಸಿಕೊಳ್ಳುತ್ತದೆ. ಒಂದು ಗ್ರಾಂ ಒಳ್ಳೆಯ ಕಾರ್ಬನ್‌ನ ರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಸುಪಾಸು ಆಗುತ್ತದೆ. ನಮ್ಮ ಬೆಂಗಳೂರು ಲೆಕ್ಕದಲ್ಲಿ 30-40ರ ಸೈಟು ಒಂಬತ್ತು! ಕಪ್ಪು ಪುಡಿಗೆ ಅಷ್ಟು ದುಡ್ಡು ಯಾಕೆ ಅಂತ ಕೇಳುವವರಿಗೆ ಇದೇ ನನ್ನ ಉತ್ತರ.

ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಅಯೋಡಿನ್ ಸ್ವಲ್ಪ ಕಡಿಮೆಯಾಗಬಹುದು. ಸಾವಯವ ವಸ್ತುವಿಗೆ ಅಂಟಿಕೊಂಡ ಕೆಲವು ಲೋಹಗಳೂ ಅದರ ಜೊತೆ ಹೋಗುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಆಲ್ಕಲಿನಿಟಿಗೆ (ನೀರಿನ ಕ್ಷಾರದ ಪ್ರಮಾಣ) ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ವಾರಕ್ಕೋ ಎರಡು ವಾರಕ್ಕೋ 10 ಪರ್ಸೆಂಟ್ ನೀರು ಬದಲಿಸುತ್ತೀರಲ್ವಾ? ಹೋದದ್ದು ಅದರಲ್ಲೇ ವಾಪಸ್ ಬರುತ್ತದೆ.

ನಾನು 100 ಲೀಟರ್‌ಗೆ 40 ಗ್ರಾಂ ಆಸುಪಾಸು ಹಾಕುತ್ತೇನೆ, ಮೂರು ವಾರಕ್ಕೆ ಬದಲಿಸುತ್ತೇನೆ. ನಿಮ್ಮ ಟ್ಯಾಂಕ್‌ಗೆ 80 ಗ್ರಾಂ ಸಾಕು. ಮೊದಲ ಸಲ ಅದರ ಅರ್ಧ ಹಾಕಿ. ಸಣ್ಣ ಕಣ್ಣಿನ ಮೆಶ್ ಬ್ಯಾಗ್‌ನಲ್ಲಿ ತುಂಬಿ, ಸಂಪ್‌ನಲ್ಲಿ (ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ) ನೀರು ಹಾದು ಹೋಗಲೇಬೇಕಾದ ಜಾಗದಲ್ಲಿ ಇಡಿ. ಮೂಲೆಯಲ್ಲಿ ಸುಮ್ನೆ ಬಿಸಾಕಿದರೆ ನೀರು ಪಕ್ಕದಿಂದ ಜಾರಿಕೊಂಡು ಹೋಗುತ್ತದೆ, ಕಾರ್ಬನ್ ತನ್ನ ಪಾಡಿಗೆ ಕೂತಿರುತ್ತದೆ.

ಇನ್ನು ತೊಳೆಯುವುದು. ಇದರಲ್ಲಿ ಸೋಮಾರಿತನ ಬೇಡ. ಒಣ ಕಾರ್ಬನ್‌ನ್ನು ಆರ್‌ಓ ನೀರಿಗೆ ಹಾಕಿದರೆ ಸುಂಯ್ ಅಂತ ಸದ್ದು ಬರುತ್ತದೆ. ರಂಧ್ರದ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತಿರುತ್ತದೆ. ಮೊದಲ ಬಕೆಟ್ ನೀರು ಶಾಯಿ ಕಪ್ಪು. ಚೆಲ್ಲಿ, ಮತ್ತೆ ತುಂಬಿ. ನೀರಿನಲ್ಲಿ ನಿಮ್ಮ ಬೆರಳ ಗೆರೆ ಕಾಣುವಷ್ಟು ತಿಳಿಯಾಗುವವರೆಗೆ ತೊಳೆದು, ರಾತ್ರಿಯಿಡೀ ನೆನೆಸಿಡಿ. ಬೆಳಗ್ಗೆ ಇನ್ನೊಮ್ಮೆ ಜಾಲಿಸಿ ಹಾಕಿ. ಬಿಳಿ ಪ್ಯಾಂಟ್ ಹಾಕಿಕೊಂಡು ಈ ಕೆಲಸ ಮಾಡಬೇಡಿ.

ಪ್ರಶ್ನೆ: ಸ್ಕಿಮ್ಮರ್‌ಗೇ (ಗಾಳಿ ಗುಳ್ಳೆ ಬಿಟ್ಟು ಗಲೀಜನ್ನು ನೊರೆಯಾಗಿ ತೆಗೆಯುವ ಯಂತ್ರ) 25 ಸಾವಿರ ಕೊಟ್ಟಿದ್ದೇನೆ. ದಿನಾ ಕಪ್ ತುಂಬಾ ಗಲೀಜು ತೆಗೆಯುತ್ತದೆ. ಇನ್ನು ಕಾರ್ಬನ್ ಯಾಕೆ?
(ಹುಬ್ಬಳ್ಳಿ)

ಉತ್ತರ: ಒಳ್ಳೆಯ ಸ್ಕಿಮ್ಮರ್ ತೆಗೆದುಕೊಂಡಿದ್ದೀರಿ, ಸಂತೋಷ. ಆದರೆ ಸ್ಕಿಮ್ಮರ್ ಹಿಡಿಯುವುದು ಗುಳ್ಳೆಗೆ ಅಂಟುವ ವಸ್ತುಗಳನ್ನು ಮಾತ್ರ. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಕೆಮಿಸ್ಟ್ರಿ ಪ್ರೊಫೆಸರ್ ಕೆನ್ ಫೆಲ್ಡ್‌ಮನ್ ತಾವೂ ರೀಫ್ ಟ್ಯಾಂಕ್, ಅಂದರೆ ಹವಳದ ಟ್ಯಾಂಕ್ ಇಟ್ಟವರು. 2009ರ ಸುಮಾರಿಗೆ ಅವರು ಬೇರೆ ಬೇರೆ ಸ್ಕಿಮ್ಮರ್‌ಗಳನ್ನು ಅಳೆದು ನೋಡಿದರು. ನೀರಿನಲ್ಲಿದ್ದ ಒಟ್ಟು ಸಾವಯವ ಕಾರ್ಬನ್‌ನಲ್ಲಿ (ಇದು ನಾವು ಹಾಕುವ ಕಪ್ಪು ಕಾರ್ಬನ್ ಅಲ್ಲ, ನೀರಿನ ಸಾವಯವ ಗಲೀಜಿನ ಅಳತೆ) ಅವು ತೆಗೆದದ್ದು 20ರಿಂದ 30 ಪರ್ಸೆಂಟ್ ಅಷ್ಟೇ. ದುಬಾರಿಯದ್ದಕ್ಕೂ ಅಗ್ಗದ್ದಕ್ಕೂ ಅದರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನೀರಿಗೆ ಬರುವ ಹಳದಿ ಬಣ್ಣ ಉಳಿದದ್ದರಲ್ಲೇ ಇರುತ್ತದೆ.

ನಿಮ್ಮ ನೀರು ಹಳದಿಯಾಗಿದೆಯಾ ಅಂತ ಮುಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ನೀಲಿ ಲೈಟ್ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಲೈಟ್ ಬಿಳಿಗೆ ತಿರುಗಿಸಿ. ಒಂದು ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ ತಟ್ಟೆ ಇಳಿಸಿ, ಇನ್ನೊಂದು ತುದಿಯ ಗಾಜಿನಿಂದ ಉದ್ದಕ್ಕೆ ನೋಡಿ. ತಟ್ಟೆ ತಿಳಿ ಚಹಾ ಬಣ್ಣಕ್ಕೆ ಕಂಡರೆ ಕಾರ್ಬನ್ ತನ್ನಿ. ಬಿಳಿಯಾಗಿಯೇ ಕಂಡರೆ ಆ ದುಡ್ಡಲ್ಲಿ ಒಂದು ಉಪ್ಪಿನ ಬಕೆಟ್ ತನ್ನಿ.

ಪ್ರಶ್ನೆ: ಐದು ವರ್ಷದ ರೀಫ್ ಟ್ಯಾಂಕ್, 400 ಲೀಟರ್. ಇಲ್ಲಿಯವರೆಗೆ ಕಾರ್ಬನ್ ಹಾಕಿರಲಿಲ್ಲ. ನಿಮ್ಮ ಅಂಕಣ ಓದಿ ಅರ್ಧ ಕಿಲೋ ಹಾಕಿದೆ. ಎರಡೇ ದಿನಕ್ಕೆ ನೀರು ಗಾಜಿನಂತಾಯಿತು. ನಾಲ್ಕನೇ ದಿನ ಅಕ್ರೋಪೋರಾಗಳ (ಕಲ್ಲು ಹವಳದ ಒಂದು ಜಾತಿ) ಮೇಲ್ಭಾಗ ಬಿಳುಚಿಕೊಂಡಿತು. ಕಾರ್ಬನ್‌ನಲ್ಲಿ ವಿಷ ಇತ್ತಾ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ವಿಷ ಅಲ್ಲ, ಬಿಸಿಲು. ಹಳದಿ ವಸ್ತುಗಳು ನೀಲಿ ಬೆಳಕನ್ನು ಹೀರುತ್ತವೆ. ನಿಮ್ಮ ಎಲ್‌ಇಡಿ ಕೊಡುವುದರಲ್ಲಿ ಜಾಸ್ತಿ ಪಾಲು ನೀಲಿಯೇ. ಹವಳದೊಳಗಿನ ಪಾಚಿ ಬದುಕುವುದೂ ಅದರ ಮೇಲೆಯೇ. ಐದು ವರ್ಷ ಹಳದಿ ಪರದೆಯ ಹಿಂದೆ ಕೂತಿದ್ದ ಹವಳಕ್ಕೆ ನೀವು ಎರಡು ದಿನದಲ್ಲಿ ಪರದೆ ಎಳೆದುಬಿಟ್ಟಿರಿ. ಲೈಟ್ ಮುಟ್ಟದೆಯೇ ಲೈಟ್ ಜಾಸ್ತಿ ಮಾಡಿದ ಹಾಗಾಯಿತು.

ಈಗ ಹವಳದ ಹತ್ತಿರ ಮುಖ ಇಟ್ಟು ನೋಡಿ. ಬಿಳಿ ಭಾಗದ ಮೇಲೆ ಪಾರದರ್ಶಕ ಮಾಂಸ ಇನ್ನೂ ಇದೆಯಾ? ರಾತ್ರಿ ಟಾರ್ಚ್ ಬಿಟ್ಟರೆ ಸಣ್ಣ ಪಾಲಿಪ್ ಹೊರಗೆ ಬಂದಿರುತ್ತದಾ? ಹಾಗಿದ್ದರೆ ಅದು ಬಿಳುಚಿದೆ ಅಷ್ಟೆ, ಬದುಕಿದೆ. ಮಾಂಸ ಬುಡದಿಂದ ಸುಲಿದು ಬರಿ ಅಸ್ಥಿ ಕಾಣುತ್ತಿದ್ದರೆ ಕಥೆ ಬೇರೆ. ಆಗ ಮೊದಲು ಆಲ್ಕಲಿನಿಟಿ ಟೆಸ್ಟ್ ಮಾಡಿ, ಒಳ್ಳೆಯ ತುದಿಗಳನ್ನು ಕತ್ತರಿಸಿ ಉಳಿಸಿಕೊಳ್ಳಿ.

ನೀವು ಬರೆದದ್ದು ನೋಡಿದರೆ ಮೊದಲನೆಯದೇ. ಲೈಟ್ ತೀವ್ರತೆಯನ್ನು ಇವತ್ತೇ ಕಾಲು ಭಾಗ ಇಳಿಸಿ. ಕಾರ್ಬನ್ ಪೂರ್ತಿ ತೆಗೆಯೋದು ಬೇಡ, 100 ಗ್ರಾಂ ಬಿಟ್ಟು ಉಳಿದದ್ದು ತೆಗೆಯಿರಿ. ಬಣ್ಣ ಮರಳಲು ಶುರುವಾದ ಮೇಲೆ ಲೈಟ್ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಅಂದಹಾಗೆ, ಅಂಕಣದಲ್ಲಿ ಅರ್ಧ ಕಿಲೋ ಅಂತ ನಾನು ಎಲ್ಲೂ ಬರೆದಿಲ್ಲ ಸ್ವಾಮಿ!

ಇಲ್ಲಿನ ಓದುಗರಿಗೆ ಒಂದು ಮಾತು. ಅಕ್ರೋಪೋರಾ ಹೆಸರು ಕೇಳಿ ಆಸೆ ಪಡಬೇಡಿ. ನಮ್ಮಲ್ಲಿ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುತ್ತೇನೆ, ಒಂದು ಸಣ್ಣ ತುಂಡು ತರಲಾ ಅಂತ ಕೇಳಿದ ಭಟ್ಕಳದ ಓದುಗರಿಗೂ ಇದೇ ಉತ್ತರ. ಸತ್ತ ತುಂಡನ್ನೂ ತರಬೇಡಿ.

ಪ್ರಶ್ನೆ: ನಮ್ಮೂರಲ್ಲಿ ತೆಂಗಿನ ಚಿಪ್ಪಿಗೆ ಬರ ಇಲ್ಲ. ಕೊಬ್ಬರಿ ತೆಗೆದ ಮೇಲೆ ಚಿಪ್ಪಿನ ರಾಶಿಯೇ ಬಿದ್ದಿರುತ್ತದೆ. ಸುಟ್ಟು ಇದ್ದಿಲು ಮಾಡಿ ಟ್ಯಾಂಕ್‌ಗೆ ಹಾಕಿಕೊಳ್ಳಬಹುದಾ? ಅಂಗಡಿಯದ್ದೂ ತೆಂಗಿನ ಚಿಪ್ಪಿನದ್ದೇ ಅಂತ ಪ್ಯಾಕೆಟ್ ಮೇಲಿದೆ.
(ತಿಪಟೂರು)

ಉತ್ತರ: ತಿಪಟೂರಿನವರು ಕೇಳದೆ ಇನ್ಯಾರು ಕೇಳಬೇಕು ಈ ಪ್ರಶ್ನೆ! ಆದರೆ ಬೇಡ. ಚಿಪ್ಪು ಸುಟ್ಟರೆ ಇದ್ದಿಲು ಆಗುತ್ತದೆ, ಅಲ್ಲಿಗೆ ಅರ್ಧ ಕೆಲಸ. ಕಾರ್ಖಾನೆಯಲ್ಲಿ ಆ ಇದ್ದಿಲನ್ನು ಮತ್ತೆ 800ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆ ಹಾಯಿಸಿ ಕಾಯಿಸುತ್ತಾರೆ. ಹಬೆ ಒಳಗೊಳಗೇ ಕಾರ್ಬನ್ ತಿಂದು ರಂಧ್ರ ಕೊರೆಯುತ್ತದೆ. ಆಕ್ಟಿವೇಟೆಡ್ ಅಂತ ಕರೆಯುವುದು ಅದಾದ ಮೇಲೆ. ಹಿತ್ತಿಲಿನ ಗುಂಡಿಯಲ್ಲಿ ಸುಟ್ಟದ್ದಕ್ಕೆ ಆ ರಂಧ್ರ ಇರುವುದಿಲ್ಲ. ಅದರ ಬದಲು ಬೂದಿ ಇರುತ್ತದೆ. ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಪಿಎಚ್ ಏರಿಸುತ್ತದೆ. ಸರಿಯಾಗಿ ಸುಡದ ಚಿಪ್ಪಿನಲ್ಲಿ ಟಾರ್ ಎಣ್ಣೆಯೂ ಉಳಿದಿರುತ್ತದೆ.

ಇನ್ನು ಕಾರ್ಖಾನೆಯ ಚಿಪ್ಪಿನ ಕಾರ್ಬನ್. ಅದು ಗಟ್ಟಿ, ಪುಡಿ ಕಡಿಮೆ, ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದರ ರಂಧ್ರಗಳಲ್ಲಿ ಬಹುಪಾಲು ಎರಡು ನ್ಯಾನೋಮೀಟರ್‌ಗಿಂತ ಚಿಕ್ಕವು. ಕ್ಲೋರಿನ್‌ನಂಥ ಪುಟ್ಟ ಅಣುಗಳಿಗೆ ಹೇಳಿ ಮಾಡಿಸಿದ್ದು. ಅದಕ್ಕೇ ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಆರ್‌ಓ ಮೆಷಿನ್ನಿನ ಕಾರ್ಬನ್ ಫಿಲ್ಟರ್‌ಗಳಲ್ಲಿ ಇದನ್ನು ಹಾಕುತ್ತಾರೆ. ಟ್ಯಾಂಕ್‌ನ ಹಳದಿ ವಸ್ತುಗಳ ಅಣು ದೊಡ್ಡದು. ಅವುಗಳಿಗೆ ಅಗಲ ಬಾಯಿಯ ರಂಧ್ರ ಬೇಕು. ಕಲ್ಲಿದ್ದಲು, ಲಿಗ್ನೈಟ್ (ಕಂದು ಕಲ್ಲಿದ್ದಲು), ಪೀಟ್‌ನಿಂದ (ಜೌಗಿನಲ್ಲಿ ಅರೆ ಕೊಳೆತ ಗಿಡಗಳ ಪದರ) ಮಾಡಿದ ಕಾರ್ಬನ್‌ನಲ್ಲಿ ಅಂಥವು ಜಾಸ್ತಿ. ನಿಮ್ಮ ಹತ್ತಿರ ಚಿಪ್ಪಿನ ಕಾರ್ಬನ್ ಇದ್ದರೆ ಎಸೆಯಬೇಡಿ, ಅದೂ ಕೆಲಸ ಮಾಡುತ್ತದೆ. ಸ್ವಲ್ಪ ನಿಧಾನ ಅಷ್ಟೆ.

ಯಾವುದೇ ಕಾರ್ಬನ್ ತಂದರೂ ಒಂದು ಚಮಚ ತೆಗೆದು ಒಂದು ಲೋಟ ಆರ್‌ಓ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಫಾಸ್ಫೇಟ್ ಟೆಸ್ಟ್ ಮಾಡಿ. ಕೆಲವು ಅಗ್ಗದ ಕಾರ್ಬನ್ ತಾನೇ ಫಾಸ್ಫೇಟ್ ಬಿಡುತ್ತದೆ. ಬಣ್ಣ ಬಂತೋ, ಪ್ಯಾಕೆಟ್ ವಾಪಸ್ ಕೊಡಿ.

ಪ್ರಶ್ನೆ: ನನ್ನ ಬ್ಲೂ ಟ್ಯಾಂಗ್ ಮೀನಿನ ಕಣ್ಣಿನ ಸುತ್ತ ಗುಳಿ ಬಿದ್ದಿವೆ. ಮೈ ಪಕ್ಕದ ಗೆರೆಯ ಉದ್ದಕ್ಕೂ ಬಣ್ಣ ಹೋಗಿದೆ. ತಿನ್ನುವುದಕ್ಕೆ ತೊಂದರೆ ಇಲ್ಲ. ಕಾರ್ಬನ್ ರಿಯಾಕ್ಟರ್ (ಕಾರ್ಬನ್ ತುಂಬಿ ಪಂಪ್‌ನಿಂದ ನೀರು ಹಾಯಿಸುವ ಕೊಳವೆ) ಹಾಕಿ ಕೆಲವು ತಿಂಗಳಾಯಿತು. ಕಾಳು ಚೆನ್ನಾಗಿ ಕುಣಿಯುವಂತೆ ಜೋರಾಗಿ ಓಡಿಸುತ್ತೇನೆ. ಎರಡಕ್ಕೂ ಸಂಬಂಧ ಇದೆಯಾ?
(ಮೈಸೂರು)

ಉತ್ತರ: ಇರಬಹುದು. ಆ 'ಚೆನ್ನಾಗಿ ಕುಣಿಯುವಂತೆ' ಅನ್ನುವುದು ಓದಿಯೇ ನನಗೆ ಅನುಮಾನ ಬಂತು.

ಇದಕ್ಕೆ ಎಚ್‌ಎಲ್‌ಎಲ್‌ಇ ಅನ್ನುತ್ತಾರೆ. ತಲೆ ಮತ್ತು ಪಕ್ಕದ ಗೆರೆಯ ಚರ್ಮ ಸವೆಯುವ ರೋಗ. ಟ್ಯಾಂಗ್ ಜಾತಿಗೆ ಜಾಸ್ತಿ. ಕಾರ್ಬನ್‌ನಿಂದ ಬರುತ್ತದೆ ಅಂತ ಹಳಬರು ಹೇಳುತ್ತಲೇ ಇದ್ದರು, ಉಳಿದವರು ನಗುತ್ತಿದ್ದರು. ಅಮೆರಿಕದ ಒಹಾಯೋ ರಾಜ್ಯದ ಟೊಲೆಡೊ ಝೂನಲ್ಲಿ ಮೀನುಗಳ ವಿಭಾಗ ನೋಡಿಕೊಳ್ಳುತ್ತಿದ್ದ ಜೇ ಹೆಮ್‌ಡಾಲ್ ಅದನ್ನು ಪರೀಕ್ಷಿಸಿಯೇ ನೋಡಿದರು. ಓಷನ್ ಸರ್ಜನ್ ಎಂಬ ಮೀನುಗಳನ್ನು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಇಟ್ಟರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಪುಡಿಯಾಗುವ ಲಿಗ್ನೈಟ್ ಕಾರ್ಬನ್ ಇದ್ದ ಕಡೆ ರೋಗ ಜೋರಾಗಿ ಬಂತು. ಗಟ್ಟಿ ಕಡ್ಡಿಯ ರೂಪದ ಕಾರ್ಬನ್ ಇದ್ದ ಕಡೆ ಅಷ್ಟು ಬರಲಿಲ್ಲ. ಕಾರ್ಬನ್ ಇಲ್ಲದ ಕಡೆ ಬರಲಿಲ್ಲ. ಅನುಮಾನ ಹೋದದ್ದು ಕಣ್ಣಿಗೆ ಕಾಣದಷ್ಟು ನವಿರಾದ ಧೂಳಿನ ಮೇಲೆ.

ನಿಮ್ಮ ರಿಯಾಕ್ಟರ್‌ನಲ್ಲಿ ಏನಾಗುತ್ತಿದೆ ನೋಡಿ. ಕಾಳಿಗೆ ಕಾಳು ಉಜ್ಜುತ್ತದೆ. ಬೀಸುವ ಕಲ್ಲಿನ ಕೆಲಸ ಹಗಲು ರಾತ್ರಿ ನಡೆಯುತ್ತಿದೆ, ಹಿಟ್ಟೆಲ್ಲ ಟ್ಯಾಂಕ್‌ಗೆ. ಫಾಸ್ಫೇಟ್ ತೆಗೆಯುವ ಕಬ್ಬಿಣದ ಮೀಡಿಯಾವನ್ನು ಮೆಲ್ಲಗೆ ಕುಣಿಸಬೇಕು, ನಿಜ. ಕಾರ್ಬನ್ ಕುಣಿಯಬಾರದು. ಮೇಲೆ ಕೆಳಗೆ ಸ್ಪಂಜ್ ಒತ್ತಿ ಅಲುಗಾಡದಂತೆ ಮಾಡಿ, ನೀರು ನಿಧಾನಕ್ಕೆ ಹಾಯಿಸಿ. ಇಲ್ಲವೇ ರಿಯಾಕ್ಟರ್ ಅಟ್ಟಕ್ಕೆ ಹಾಕಿ ಮೆಶ್ ಬ್ಯಾಗ್ ತೆಗೆದುಕೊಳ್ಳಿ. ನಿಜ ಹೇಳಬೇಕೆಂದರೆ ಮನೆ ಟ್ಯಾಂಕ್‌ಗೆ ನನಗೆ ಬ್ಯಾಗೇ ಇಷ್ಟ. ಈಗಿನ ಕಾರ್ಬನ್ ತೆಗೆದುಬಿಡಿ, ನೀರು ಬದಲಿಸಿ. ಮುಂದಿನ ಸಲ 0.8 ಮಿಲಿಮೀಟರ್ ದಪ್ಪದ ಕಡ್ಡಿ ರೂಪದ, ಆಸಿಡ್ ತೊಳೆದ ಕಾರ್ಬನ್ ತನ್ನಿ. ಬೆಲೆ ಜಾಸ್ತಿ, ಆದರೆ ಕಡಿಮೆ ಹಾಕಿದರೆ ಸಾಕು. ಮೀನಿಗೆ ದಿನಾ ನೋರಿ (ಒಣಗಿಸಿದ ಕಡಲ ಪಾಚಿಯ ಹಾಳೆ) ಕೊಡಿ. ಆಹಾರದ ಕೊರತೆ, ಇಕ್ಕಟ್ಟಾದ ಟ್ಯಾಂಕ್ ಇವುಗಳ ಮೇಲೂ ಈ ರೋಗದ ಗುಮಾನಿ ಇದೆ. ಗುಳಿ ಮುಚ್ಚಲು ತಿಂಗಳುಗಳು ಬೇಕು. ಕಲೆ ಕೆಲವೊಮ್ಮೆ ಉಳಿದುಬಿಡುತ್ತದೆ.

ಚುಟುಕು ಉತ್ತರಗಳು

ನೈಟ್ರೇಟ್ 50 ಇದೆ, ಕಾರ್ಬನ್ ಇಳಿಸುತ್ತದಾ ಎಂದ ದಾವಣಗೆರೆ ಓದುಗರಿಗೆ: ಇಲ್ಲ. ಅಮೋನಿಯಾವನ್ನೂ ಇಳಿಸುವುದಿಲ್ಲ. ನೀವು ಕೇಳಿದ ವೋಡ್ಕಾ, ವಿನೆಗರ್ ಹಾಕುವ ಕಾರ್ಬನ್ ಡೋಸಿಂಗ್ ಬೇರೆಯೇ ಪದ್ಧತಿ. ಅದರಲ್ಲಿ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿ ನೈಟ್ರೇಟ್ ತಿನ್ನಿಸುತ್ತಾರೆ.

ಹಳೆಯ ಕಾರ್ಬನ್ ಬಿಸಿಲಲ್ಲಿ ಒಣಗಿಸಿ, ಓವನ್‌ನಲ್ಲಿ ಕಾಯಿಸಿ ಮತ್ತೆ ಬಳಸುವ ಶಿವಮೊಗ್ಗದ ಗೃಹಿಣಿಗೆ: ನಿಮ್ಮ ಉಳಿತಾಯ ಬುದ್ಧಿಗೆ ಕೈಮುಗಿದೆ. ಆದರೆ ಓವನ್ 250 ಡಿಗ್ರಿ ದಾಟುವುದು ಕಷ್ಟ, ರಂಧ್ರ ಖಾಲಿಯಾಗಲು ಕುಲುಮೆ ಬೇಕು. ಒಣಗಿದ್ದು ನೀರು ಮಾತ್ರ. ಹೂಕುಂಡಕ್ಕೂ ಹಾಕಬೇಡಿ, ಉಪ್ಪಿರುತ್ತದೆ.

ಮೀನಿಗೆ ಔಷಧಿ ಹಾಕುವಾಗ ಕಾರ್ಬನ್ ಇರಬೇಕಾ ಎಂದ ಬೆಳಗಾವಿ ಓದುಗರಿಗೆ: ತೆಗೆಯಿರಿ. ಇಲ್ಲದಿದ್ದರೆ ಔಷಧಿ ಮೀನಿಗಿಂತ ಮೊದಲು ಕಾರ್ಬನ್‌ಗೆ ಸೇರುತ್ತದೆ. ಕೋರ್ಸ್ ಮುಗಿದ ಮೇಲೆ ಹೊಸದು ಹಾಕಿ, ಉಳಿದ ಔಷಧಿ ಹೀರಲಿ.

ಪಣಂಬೂರಿನಿಂದ ಸಮುದ್ರದ ನೀರು ತಂದು ಕಾರ್ಬನ್‌ನಲ್ಲಿ ಸೋಸಿ ಬಳಸುವ ಮಂಗಳೂರು ಓದುಗರಿಗೆ: ಬಂದರಿನ ಪಕ್ಕದ ನೀರು ಯಾಕೆ? ಅಲ್ಲಿ ಹಡಗಿನ ಓಡಾಟ, ಎಣ್ಣೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿಗಳು ಬಂದು ಸೇರಿ ದಡದ ನೀರಿನ ಉಪ್ಪು ಇಳಿದಿರುತ್ತದೆ. ಕಾರ್ಬನ್ ಉಪ್ಪು ಸೇರಿಸುವುದಿಲ್ಲ, ಕೆಸರೂ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾಕೆಟ್ ಉಪ್ಪೇ ಬಳಸಿ.

ಪ್ರಶ್ನೆ: ಝೋವಾ ತುಂಬಿಕೊಂಡ ಕಲ್ಲೊಂದನ್ನು ಹೊರಗೆ ತೆಗೆದು ಕುದಿಯುವ ನೀರು ಹಾಕಿ ಸ್ವಚ್ಛ ಮಾಡಬೇಕೆಂದಿದ್ದೇನೆ. ಅವು ವಿಷ ಅಂತ ಕೇಳಿದ್ದೇನೆ. ಮೊದಲು ಟ್ಯಾಂಕ್‌ಗೆ ಕಾರ್ಬನ್ ಹಾಕಿಟ್ಟರೆ ಅಪಾಯ ಇಲ್ಲ ಅಲ್ವಾ?
(ದುಬೈ)

ಉತ್ತರ: ಕುದಿಯುವ ನೀರು ಹಾಕಲೇಬೇಡಿ. ಈ ಸಂಚಿಕೆ ನಿಮ್ಮ ಕೈ ಸೇರುವ ಮೊದಲು ಹಾಕಿಲ್ಲ ಅಂದುಕೊಳ್ಳುತ್ತೇನೆ.

ಝೋವಾ ಗುಂಪಿನ ಪಾಲಿಥೋವಾ ಮತ್ತು ಅದರ ಕೆಲವು ನೆಂಟರಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. 1971ರಲ್ಲಿ ಹವಾಯಿಯಲ್ಲಿ ಮೂರ್ ಮತ್ತು ಶೋಯರ್ ಅದನ್ನು ಬೇರ್ಪಡಿಸಿದ ವಿಷಯ ಪ್ರಕಟಿಸಿದರು. ಈವರೆಗೆ ಗೊತ್ತಿರುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಕುದಿಸಿದರೆ ನಾಶ ಆಗುವುದಿಲ್ಲ, ಹಬೆಯ ಜೊತೆ ಹನಿಯಾಗಿ ಗಾಳಿಗೆ ಏರುತ್ತದೆ. ಕಲ್ಲು ಕುದಿಸಿದ ಒಬ್ಬರ ಜೊತೆ ಮನೆಮಂದಿ, ನಾಯಿ ಎಲ್ಲರೂ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಟ್ಯಾಂಕ್‌ನ ಕಾರ್ಬನ್ ನೀರಿನಲ್ಲಿರುವುದನ್ನು ಹಿಡಿಯಲು ಮಾತ್ರ. ನಿಮ್ಮ ಅಡುಗೆಮನೆಯ ಗಾಳಿಗೆ ಅದು ಏನೂ ಮಾಡದು.

ಎಲ್ಲಾ ಝೋವಾದಲ್ಲೂ ಅಷ್ಟೇ ವಿಷ ಇರುವುದಿಲ್ಲ, ಆದರೆ ನೋಡಿ ಹೇಳಲು ಆಗದು. ಕಲ್ಲನ್ನು ನೀರಿನಿಂದ ತೆಗೆದು ಉಜ್ಜಬೇಡಿ, ಬ್ರಷ್ ಬೇಡ, ಪ್ರೆಶರ್ ವಾಶ್ ಬೇಡ. ಕೀಳಲೇಬೇಕೆಂದರೆ ಉದ್ದ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಹಾಕಿ, ಬೇರೆ ಬಕೆಟ್‌ನಲ್ಲಿ, ಉಪ್ಪುನೀರಿನೊಳಗೇ ಬುಡದ ಕಲ್ಲಿನ ಚೂರಿನ ಸಮೇತ ಉಳಿಯಿಂದ ಎಬ್ಬಿಸಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಮುಟ್ಟಬೇಡಿ. ಬಕೆಟ್ ನೀರಿಗೆ ಬ್ಲೀಚ್ ಹಾಕಿ ಚೆಲ್ಲಿ. ಇದೆಲ್ಲ ಆದ ಮೇಲೆ ಟ್ಯಾಂಕ್‌ಗೆ ಹೊಸ ಕಾರ್ಬನ್ ಹಾಕಿ, ಮಾಮೂಲಿಗಿಂತ ಎರಡರಷ್ಟು, ಒಂದು ವಾರಕ್ಕೇ ಬದಲಿಸಿ. ಕೈ ಬಿಗಿ ಇರಲಿ ಅಂತ ಹೇಳುವ ನಾನು ಧಾರಾಳವಾಗಿ ಹಾಕಿ ಅನ್ನುವುದು ಇದೊಂದೇ ಸಂದರ್ಭದಲ್ಲಿ. ಬಾಯಲ್ಲಿ ಲೋಹದ ರುಚಿ, ಕೆಮ್ಮು, ಜ್ವರ, ಮೈಕೈ ನೋವು, ಕಣ್ಣುರಿ ಏನೇ ಬಂದರೂ ಮನೆಯಿಂದ ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. 'ಝೋವಾಂಥಿಡ್, ಪಾಲಿಟಾಕ್ಸಿನ್' ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರಿಗೆ ಇದು ದಿನಾ ಬರುವ ಕೇಸ್ ಅಲ್ಲ, ಫ್ಲೂ ಅಂದುಕೊಂಡು ವಾಪಸ್ ಕಳಿಸಿಬಿಡಬಹುದು.